ಉತ್ಥಾನಭಂಗ ಮತ್ತು ಪ್ರವೇಶಭಂಗ: ನಾಲ್ಕು ತಾಲ್ಲೂಕುಗಳ ನೆಲೆಯಲ್ಲಿ ಒಂದು ತಾತ್ವಿಕ ಅನುಸಂಧಾನ

ಪ್ರಸ್ತುತ ಸಂಪ್ರಬಂಧವು ಸರ್ಕಾರಿ ಪ್ರೌಢಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ನೆಲೆಗೊಂಡಿರುವ ಥಿನ್ ಕ್ಲೈಂಟ್ ಎಂಬ ಪುಟ್ಟ ಡಬ್ಬಿಯು ಬೆಳಗ್ಗೆ ಏಳದಿರುವ, ಎದ್ದರೂ ಒಳಗೆ ಬಿಡದಿರುವ ವಿದ್ಯಮಾನವನ್ನು ಬಹುಶಿಸ್ತೀಯ ನೆಲೆಯಲ್ಲಿ ಮುಖಾಮುಖಿಯಾಗುವ ಒಂದು ವಿನಮ್ರ ಪ್ರಯತ್ನವಾಗಿದೆ. ಮೊದಲನೆಯದನ್ನು ಉತ್ಥಾನಭಂಗವೆಂದೂ ಎರಡನೆಯದನ್ನು ಪ್ರವೇಶಭಂಗವೆಂದೂ ಕರೆಯಲಾಗಿದೆ. ‘ಆನ್ ಆಗ್ತಿಲ್ಲ’, ‘ಪಾಸ್‌ವರ್ಡ್ ತಗೊಳ್ತಿಲ್ಲ’ ಎಂಬ ಪ್ರಯೋಗಗಳು ಕೇಳಿದವರಿಗೆಲ್ಲ ಅರ್ಥವಾಗಿಬಿಡುವ ಅಪಾಯವಿರುವುದರಿಂದ ಅವನ್ನು ಕೈಬಿಡಲಾಗಿದೆ.

ಅಧ್ಯಯನದ ವ್ಯಾಪ್ತಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳು. ಬಾಗೇಪಲ್ಲಿ, ಗುಡಿಬಂಡೆಗಳನ್ನು ಸೈದ್ಧಾಂತಿಕ ಕಾರಣಗಳಿಗಾಗಿ ಬಿಡಲಾಗಿದೆ. ಸೈದ್ಧಾಂತಿಕ ಕಾರಣವೆಂದರೆ ಪ್ರಯಾಣ ಭತ್ಯೆ ಅಷ್ಟು ದೂರಕ್ಕೆ ಮಂಜೂರಾಗಲಿಲ್ಲ. ಈ ತಾಲ್ಲೂಕುಗಳೆಲ್ಲ 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದವು. ಜಿಲ್ಲಾ ವಿಭಜನೆಗೂ ಡಬ್ಬಿ ಏಳದಿರುವುದಕ್ಕೂ ಇರಬಹುದಾದ ಸಂಬಂಧವನ್ನು ಕುರಿತು ಒಂದು ಅಧ್ಯಾಯವನ್ನು ಮೀಸಲಿಡಲಾಗಿತ್ತು. ಸಂಬಂಧ ಇಲ್ಲವೆಂದು ತಿಳಿದಮೇಲೂ ಅಧ್ಯಾಯವನ್ನು ಉಳಿಸಿಕೊಳ್ಳುವಂತೆ ಮಾರ್ಗದರ್ಶಕರು ಸೂಚಿಸಿದರು. ಇನ್ನು, ಸರ್ ಎಂ. ವಿಶ್ವೇಶ್ವರಯ್ಯನವರು ಮುದ್ದೇನಹಳ್ಳಿಯಲ್ಲಿ ಹುಟ್ಟಿದರೆಂಬುದನ್ನು ಹೇಳದೆ ಈ ಜಿಲ್ಲೆಯಲ್ಲಿ ಯಾವ ಭಾಷಣವೂ ಶುರುವಾಗಬಾರದು. ಹೇಳಿದ್ದಾಯಿತು.

ಸೈದ್ಧಾಂತಿಕ ನೆಲೆಗಟ್ಟು

ಥಿನ್ ಕ್ಲೈಂಟ್‌ಗೆ ಸಾಮಾನ್ಯವಾಗಿ ಹಾರ್ಡ್ ಡಿಸ್ಕ್ ಇರುವುದಿಲ್ಲ. ಗುಂಡಿ ಒತ್ತಿದೊಡನೆ ಅದು ನೆಟ್‌ವರ್ಕ್ ಕೇಬಲ್ಲಿನೊಳಕ್ಕೆ ‘ನಾನ್ಯಾರು, ನನಗೊಂದು ವಿಳಾಸ ಕೊಡಿ’ ಎಂದು ಕೂಗುತ್ತದೆ. ಡಿಎಚ್‌ಸಿಪಿ ಎಂಬ ಸೇವೆ ಅದಕ್ಕೊಂದು ಐಪಿ ವಿಳಾಸ ಕೊಟ್ಟು, ಯಾವ ಸರ್ವರ್‌ನಿಂದ ಯಾವ ಫೈಲು ತರಬೇಕೆಂಬುದನ್ನೂ ಹೇಳುತ್ತದೆ. ಡಬ್ಬಿಯು ಟಿಎಫ್‌ಟಿಪಿ ಎಂಬ ಹಳೆಯ, ಸರಳವಾದ ವಿಧಾನದಲ್ಲಿ ಆ ಫೈಲನ್ನು ತರಿಸಿಕೊಂಡು, ಅದರ ಬಲದಲ್ಲಿ ಎದ್ದು ಕೂತು, ಲಾಗಿನ್ ಪರದೆ ತೋರಿಸುತ್ತದೆ. ಅಲ್ಲಿಂದಾಚೆ ಮಗು ಒತ್ತುವ ಪ್ರತಿ ಅಕ್ಷರವೂ ಸರ್ವರ್‌ಗೆ ಹೋಗಿ ಚಿತ್ರವಾಗಿ ಹಿಂತಿರುಗುತ್ತದೆ. ಇದರಲ್ಲಿ ಹೊಸದೇನೂ ಇಲ್ಲ. ವಿಂಡೋಸ್ ಎನ್‌ಟಿ 4.0ರ ಟರ್ಮಿನಲ್ ಸರ್ವರ್ ಆವೃತ್ತಿ ಬಂದದ್ದು 1998ರಲ್ಲಿ; ಹಳೆಯ ಕಂಪ್ಯೂಟರುಗಳಿಗೆ ಮರುಜೀವ ಕೊಟ್ಟ ಲಿನಕ್ಸ್ ಟರ್ಮಿನಲ್ ಸರ್ವರ್ ಯೋಜನೆ ಶುರುವಾದದ್ದು 1999ರಲ್ಲಿ. ಕರೆಂಟು ಕಡಿಮೆ, ಖರ್ಚು ಕಡಿಮೆ, ಒಂದೇ ಕಡೆ ದುರಸ್ತಿ. ಬಡ ಶಾಲೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಸಿಗುವುದು ಕಷ್ಟವೆಂದು ನಾನು ಈಗಲೂ ನಂಬಿದ್ದೇನೆ.

ಆದರೆ ಹೀಗೆ ಬರೆದರೆ ಸಂಪ್ರಬಂಧವಾಗುವುದಿಲ್ಲ. ಆದುದರಿಂದ: ಸರ್ವರ್ ಎಂಬುದು ಕೇಂದ್ರ, ಟರ್ಮಿನಲ್ ಎಂಬುದು ಅಂಚು. ಅಂಚಿಗೆ ತನ್ನದೇ ಆದ ಸ್ಮೃತಿಯಿಲ್ಲ. ಅದು ಕೇಂದ್ರದ ಸ್ಮೃತಿಯನ್ನು ತನ್ನದೆಂದು ಭ್ರಮಿಸುವ ಯಜಮಾನಿಕೆಯ ಸಂಕಥನದೊಳಗೆ ಸಿಲುಕಿದೆ. ಉತ್ಥಾನಭಂಗವನ್ನು ಆ ಯಜಮಾನಿಕೆಯ ವಿರುದ್ಧ ಅಂಚು ಹೂಡಿದ ಪ್ರತಿರೋಧವೆಂದು ಏಕೆ ಓದಬಾರದು? ಹೀಗೆ ಓದಲು ಸಾಧ್ಯವಿದೆ, ಊಟದ ನಂತರದ ಗೋಷ್ಠಿಯಲ್ಲಿ ಓದಿದ್ದೂ ಇದೆ. ಒಬ್ಬ ಕಂಪ್ಯೂಟರ್ ಶಿಕ್ಷಕ ಎದ್ದುನಿಂತು, “ಸಾರ್, ಕೇಬಲ್ಲು ಇಲಿ ಕಡ್ದಿತ್ತು” ಅಂದ. ಪ್ರಶ್ನೋತ್ತರಕ್ಕೆ ಸಮಯವಿಲ್ಲವೆಂದು ಅಧ್ಯಕ್ಷರು ಅವನನ್ನು ಕೂರಿಸಿದರು.

ವರ್ಗೀಕರಣ

ಭಂಗಗಳನ್ನು ತಾಲ್ಲೂಕುವಾರು ನಾಲ್ಕು ಪಂಥಗಳಾಗಿ ವಿಂಗಡಿಸಲಾಗಿದೆ. ಯಾವ ಭಂಗವೂ ಆಯಾ ತಾಲ್ಲೂಕಿಗೆ ಸೀಮಿತವಲ್ಲ. ಎಲ್ಲವೂ ಎಲ್ಲ ಕಡೆಯೂ ಇವೆ. ವರ್ಗೀಕರಣ ಶಾಸ್ತ್ರವು ಇಂಥ ಸಣ್ಣಪುಟ್ಟ ಅಡಚಣೆಗಳಿಗೆ ಸೊಪ್ಪು ಹಾಕುವುದಿಲ್ಲ.

ಅ. ಗೌರಿಬಿದನೂರು ಪಂಥ, ಅಥವಾ ಅಶ್ರವಣ ಪಂಥ. ಗೌರಿಬಿದನೂರು ಕಿವಿಗೊಡುವುದಕ್ಕೆ ಹೆಸರಾದ ಊರು. 1965ರಲ್ಲಿ ಇಲ್ಲಿ ಸ್ಥಾಪನೆಯಾದ, ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪನ ಮಾಪಕಗಳ ಸಾಲು, ಯಾವುದೋ ಖಂಡದಲ್ಲಿ ನೆಲದಡಿ ಅಣುಬಾಂಬು ಸಿಡಿಸಿದರೆ ಪತ್ತೆಮಾಡುತ್ತದೆ. 1976ರಿಂದ ಕೆಲಸ ಮಾಡುತ್ತಿರುವ ಇಲ್ಲಿನ ರೇಡಿಯೊ ವೀಕ್ಷಣಾಲಯದಲ್ಲಿ ಸಾವಿರ ಡೈಪೋಲ್‌ಗಳನ್ನು ‘ಟಿ’ ಆಕಾರದಲ್ಲಿ ನೆಟ್ಟು, 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶದ ಪಿಸುಮಾತು ಆಲಿಸಿದರು. ಇದೇ ತಾಲ್ಲೂಕಿನಲ್ಲಿ, ಒಂದೇ ಕೊಠಡಿಯೊಳಗೆ, ಎಂಟು ಅಡಿ ದೂರದ ಸರ್ವರ್ ಹೇಳಿದ್ದು ಡಬ್ಬಿಗೆ ಕೇಳಿಸುವುದಿಲ್ಲ. ವಿಳಾಸ ಹುಡುಕುತ್ತಿದ್ದೇನೆ ಎಂಬ ಸಾಲಿನ ಮುಂದೆ ಚುಕ್ಕೆಗಳು ಒಂದಾದಮೇಲೊಂದು ಬೀಳುತ್ತ, ಕೊನೆಗೆ ಸಿಗಲಿಲ್ಲವೆಂದು ಕೈಚೆಲ್ಲುತ್ತದೆ.

ಕಾರಣಗಳ ಪೈಕಿ ಇಲಿಯನ್ನು ಮೇಲೆ ನಮೂದಿಸಲಾಗಿದೆ. ಎರಡನೆಯದು, ಸ್ವಿಚ್ಚಿನ ಅಡಾಪ್ಟರ್ ಕಿತ್ತು ಅದೇ ಜಾಗಕ್ಕೆ ಮೊಬೈಲ್ ಚಾರ್ಜರ್ ಸಿಕ್ಕಿಸಿರುವುದು. ಮೂರನೆಯದು ಸೂಕ್ಷ್ಮವಾದದ್ದು, ಇಡೀ ದಿನ ತಿನ್ನುವಂಥದ್ದು. ಆಫೀಸಿಗೆಂದು ತಂದ ವೈಫೈ ರೂಟರನ್ನು ಯಾರೋ ಲ್ಯಾಬಿನ ಸ್ವಿಚ್ಚಿಗೇ ಚುಚ್ಚಿರುತ್ತಾರೆ. ಆ ರೂಟರ್ ತಾನೂ ವಿಳಾಸ ಹಂಚಲು ಶುರುಮಾಡುತ್ತದೆ. ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಇಬ್ಬರು ಖಾಸಗಿ ಬಸ್ಸಿನ ಏಜೆಂಟರು ‘ಚಿಂತಾಮಣಿ ಚಿಂತಾಮಣಿ’ ಎಂದು ಕೂಗಿ ಒಬ್ಬನೇ ಪ್ರಯಾಣಿಕನ ಚೀಲಕ್ಕೆ ಕೈ ಹಾಕಿದಂತೆ, ಡಬ್ಬಿಯು ಮೊದಲು ಕೈ ಹಿಡಿದವನ ಬಸ್ಸು ಹತ್ತಿಬಿಡುತ್ತದೆ. ವಿಳಾಸ ಸಿಗುತ್ತದೆ, ಆದರೆ ಬೂಟ್ ಫೈಲು ಎಲ್ಲಿದೆಯೆಂದು ಆ ರೂಟರ್‌ಗೆ ಗೊತ್ತಿಲ್ಲ. ಹತ್ತರಲ್ಲಿ ನಾಲ್ಕು ಏಳುತ್ತವೆ, ಆರು ಏಳುವುದಿಲ್ಲ. ನಾಳೆ ಬೇರೆ ನಾಲ್ಕು. ಪರಿಹಾರ: ರೂಟರನ್ನು ಕೀಳುವುದು. ಆ ರೂಟರ್ ಮುಖ್ಯ ಶಿಕ್ಷಕರ ಮೊಬೈಲಿಗೆ ಇಂಟರ್‌ನೆಟ್ ಕೊಡುತ್ತಿದ್ದರೆ ಪರಿಹಾರವಿಲ್ಲ.

ಇಲ್ಲಿ ಒಂದು ಪವಾಡ ಪ್ರಕರಣವನ್ನು ದಾಖಲಿಸಬೇಕು. “ಒಂದ್ ಕಿತ ಆಫ್ ಮಾಡಿ ಆನ್ ಮಾಡಿ ಸಾ” ಎಂದು ಅಟೆಂಡರ್ ಹೇಳುತ್ತಾನೆ. ಮಾಡುತ್ತೇವೆ, ಏಳುತ್ತದೆ. ಇದೇ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ರಚಿಸಿದ ಡಾ. ಎಚ್. ನರಸಿಂಹಯ್ಯನವರು ಇದ್ದಿದ್ದರೆ, ಎದ್ದ ಡಬ್ಬಿಗೆ ಕೈಮುಗಿಯದೆ, ಮೊದಲ ಸಲ ಏಕೆ ಏಳಲಿಲ್ಲ ಎಂದು ಕೇಳುತ್ತಿದ್ದರು. ತರಬೇತಿಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಸಂಪನ್ಮೂಲ ವ್ಯಕ್ತಿಗಳು ಬಂದು ‘ಡಿಜಿಟಲ್ ಪರಿಸರ ವ್ಯವಸ್ಥೆಯ ಸಬಲೀಕರಣ’ದ ಬಗ್ಗೆ ಸ್ಲೈಡು ತೋರಿಸಿ, ಫೋಟೊ ತೆಗೆಸಿಕೊಂಡು, ಹಾಜರಿ ಹಾಳೆಗೆ ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಕೇಬಲ್ಲಿನ ತುದಿಯಲ್ಲಿ ಹಸಿರು ದೀಪ ಉರಿಯುತ್ತಿದೆಯೇ ನೋಡಿ ಎಂಬ ಒಂದು ಮಾತು ಆ ಸ್ಲೈಡುಗಳಲ್ಲಿ ಇರುವುದಿಲ್ಲ.

ಆ. ಚಿಂತಾಮಣಿ ಪಂಥ, ಅಥವಾ ಕಾಲಭ್ರಾಂತಿ ಪಂಥ. ಕಾಲಜ್ಞಾನ ಹೇಳಿದ ಕೈವಾರ ತಾತಯ್ಯನವರ ಕ್ಷೇತ್ರ ಈ ತಾಲ್ಲೂಕಿನಲ್ಲಿದೆ. ಅದೇ ತಾಲ್ಲೂಕಿನ ಡಬ್ಬಿಗೆ ಇದು ಯಾವ ಇಸವಿಯೆಂದು ತಿಳಿಯದು. ಒಳಗಿರುವ ನಾಣ್ಯದಾಕಾರದ ಸಿಆರ್ 2032 ಬ್ಯಾಟರಿ ಸತ್ತರೆ, ಕರೆಂಟು ಹೋಗಿ ಬಂದಾಗಲೆಲ್ಲ ಡಬ್ಬಿಯ ಗಡಿಯಾರ ತಾನು ತಯಾರಾದ ಕಾಲಕ್ಕೆ ಹಿಂದಿರುಗುತ್ತದೆ. ವಿಂಡೋಸ್ ಡೊಮೇನ್‌ನಲ್ಲಿ ಲಾಗಿನ್ ಪರಿಶೀಲಿಸುವ ಕರ್ಬೆರೋಸ್ ಎಂಬ ಏರ್ಪಾಡು ಎರಡು ಗಡಿಯಾರಗಳ ನಡುವೆ ಸಾಮಾನ್ಯವಾಗಿ ಐದು ನಿಮಿಷಕ್ಕಿಂತ ಹೆಚ್ಚು ಅಂತರ ಒಪ್ಪುವುದಿಲ್ಲ. ಇಲ್ಲಿ ಅಂತರ ಹತ್ತು ವರ್ಷ. ಸರ್ವರ್‌ನ ಪ್ರಮಾಣಪತ್ರವನ್ನು ನೋಡಿ, ಇದರ ಕಾಲ ಇನ್ನೂ ಬಂದಿಲ್ಲವೆಂದು ಡಬ್ಬಿ ಬಾಗಿಲು ಹಾಕಿಕೊಳ್ಳುತ್ತದೆ. ಪರದೆಯ ಮೇಲೆ ಬರುವ ಇಂಗ್ಲಿಷ್ ಸಂದೇಶದಲ್ಲಿ ಬ್ಯಾಟರಿಯ ಸುದ್ದಿಯೇ ಇರುವುದಿಲ್ಲವಾದ್ದರಿಂದ ಮಕ್ಕಳು ಪಾಸ್‌ವರ್ಡ್ ತಪ್ಪಿರಬೇಕೆಂದುಕೊಂಡು ಮತ್ತೆ ಮತ್ತೆ ಹೊಡೆಯುತ್ತಾರೆ, ಖಾತೆ ಲಾಕ್ ಆಗುತ್ತದೆ. ಕನ್ನಡ ಕೀಲಿಮಣೆ ಆಯ್ಕೆಯಾಗಿದ್ದಾಗ ಪಾಸ್‌ವರ್ಡ್ ಹೊಡೆದರೂ ಇದೇ ಗತಿ. ಪರದೆಯಲ್ಲಿ ಚುಕ್ಕೆ ಮಾತ್ರ ಕಾಣುವುದರಿಂದ ಒಳಗೆ ಕನ್ನಡ ಬಿದ್ದಿತೋ ಇಂಗ್ಲಿಷ್ ಬಿದ್ದಿತೋ ಹೊಡೆದವರಿಗೇ ಗೊತ್ತಾಗದು.

ಇ. ಶಿಡ್ಲಘಟ್ಟ ಪಂಥ, ಅಥವಾ ವಿಸ್ಮೃತಿ ಪಂಥ. ಇದರಲ್ಲಿ ಉತ್ಥಾನವೂ ಆಗುತ್ತದೆ, ಪ್ರವೇಶವೂ ದೊರೆಯುತ್ತದೆ. ಭಂಗ ಆಮೇಲೆ. ಇಡೀ ತರಗತಿಗೆ ‘ಸ್ಟೂಡೆಂಟ್’ ಎಂಬ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಒಬ್ಬರಿಗೆ ಒಂದೇ ಸೆಷನ್ ಎಂಬ ನಿಯಮ ಸರ್ವರ್‌ನಲ್ಲಿ ಮೊದಲಿನಿಂದಲೇ ಇರುತ್ತದಾದ್ದರಿಂದ ಎರಡನೆಯ ಹುಡುಗ ಲಾಗಿನ್ ಆದರೆ ಮೊದಲನೆಯವನ ಪರದೆ ಅವನ ಕಡೆಗೆ ಹೊರಟುಹೋಗುತ್ತದೆ, ಮೊದಲನೆಯವನು ಹೊರಬೀಳುತ್ತಾನೆ. ಅವನು ಮತ್ತೆ ಲಾಗಿನ್ ಆದರೆ ಇವನು ಹೊರಗೆ. ನಲವತ್ತು ನಿಮಿಷದ ಪೀರಿಯಡ್ಡು ಈ ಹಗ್ಗಜಗ್ಗಾಟದಲ್ಲೇ ಮುಗಿಯುತ್ತದೆ. ಬೇರೆ ಬೇರೆ ಹೆಸರು ಕೊಟ್ಟ ಕಡೆ ಇನ್ನೊಂದು ತೊಡಕು. ಸರ್ವರ್‌ನ ಡಿಸ್ಕ್ ತುಂಬಿದ್ದರೆ, ಅಥವಾ ಹಿಂದಿನ ಪೀರಿಯಡ್ಡಿನಲ್ಲಿ ಲಾಗ್ ಆಫ್ ಮಾಡದೆ ಮಾನಿಟರ್ ಆರಿಸಿ ಎದ್ದುಹೋದದ್ದರಿಂದ ಹಳೆಯ ಸೆಷನ್ ಇನ್ನೂ ಫೈಲುಗಳನ್ನು ಹಿಡಿದಿದ್ದರೆ, ಸರ್ವರ್ ಒಂದು ತಾತ್ಕಾಲಿಕ ಪ್ರೊಫೈಲ್ ಕೊಟ್ಟು ಕೂರಿಸುತ್ತದೆ. ಅದರಲ್ಲಿ ಮಾಡಿದ ಕೆಲಸ ಲಾಗ್ ಆಫ್ ಆದೊಡನೆ ಅಳಿಸಿಹೋಗುತ್ತದೆ.

ಇದನ್ನು ‘ಡಿಜಿಟಲ್ ವಿಸ್ಮೃತಿಯ ಕಾವ್ಯಮೀಮಾಂಸೆ’ ಎಂಬ ತಲೆಬರಹದಡಿ ಹಿಗ್ಗಿಸುವ ಉದ್ದೇಶವಿತ್ತು. ಆದರೆ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ನೆನಪಾಗುತ್ತಾಳೆ. ಮನೆಯಲ್ಲಿ ರೇಷ್ಮೆ ಸಾಕುತ್ತಿದ್ದರು. ಹುಳುವಿನ ನಾಲ್ಕು ಜ್ವರಗಳು, ಪ್ರತಿ ಜ್ವರಕ್ಕೂ ಸೊಪ್ಪು ನಿಲ್ಲಿಸುವುದು, ಹುಳು ಹಣ್ಣಾದದ್ದನ್ನು ಕಂಡುಹಿಡಿಯುವುದು, ಚಂದ್ರಿಕೆಗೆ ಬಿಡುವ ರಾತ್ರಿ ಮನೆಯವರೆಲ್ಲ ನಿದ್ದೆಗೆಡುವುದು, ಗೂಡು ಬಿಡಿಸಿ ಮಾರುಕಟ್ಟೆಗೆ ಹೊತ್ತ ಅಪ್ಪ ಏನು ರೇಟು ಸಿಕ್ಕಿತೆಂದು ಹೇಳದೆ ಮಲಗಿದ್ದು, ಇಷ್ಟನ್ನೂ ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಕನ್ನಡದಲ್ಲಿ ಟೈಪ್ ಮಾಡಿದ್ದಳು. ಸೇವ್ ಮಾಡಿದಳು, ಮೇಡಂ ಹೇಳಿಕೊಟ್ಟ ಹಾಗೆಯೇ ಸರಿಯಾಗಿ ಲಾಗ್ ಆಫ್ ಮಾಡಿದಳು. ಮರುದಿನ ಫೈಲಿಲ್ಲ. ಪರದೆಯ ಮೂಲೆಯಲ್ಲಿ ಒಂದು ಸಣ್ಣ ಗುಳ್ಳೆಯಲ್ಲಿ, ಇಂಗ್ಲಿಷಿನಲ್ಲಿ, ಇದು ತಾತ್ಕಾಲಿಕವೆಂದು ಯಂತ್ರ ಹೇಳಿತ್ತಂತೆ. ಅವಳಿಗೆ ಹೇಳಿತ್ತೇ?

ಈ. ಚಿಕ್ಕಬಳ್ಳಾಪುರ ಪಂಥ. ಇದನ್ನು ‘ಅಧಿಕಾರಭಂಗ’ ಎಂದು ಹೆಸರಿಸಿ, ಮೂರು ಉಪಪಂಥಗಳಾಗಿ ಒಡೆದು, ಒಂದು ಕೋಷ್ಟಕ ಹಾಕಬೇಕಿತ್ತು. ಬೇಡ. ನೇರವಾಗಿ ಹೇಳುತ್ತೇನೆ.

ಕೇಂದ್ರ ಸರ್ಕಾರ 2004ರ ಡಿಸೆಂಬರಿನಲ್ಲಿ ಶಾಲೆಗಳಿಗೆ ಮಾಹಿತಿ ತಂತ್ರಜ್ಞಾನದ ಯೋಜನೆ ತಂದಿತು, 2010ರಲ್ಲಿ ಪರಿಷ್ಕರಿಸಿತು. ಕರ್ನಾಟಕದಲ್ಲೂ ಇದನ್ನು ಖಾಸಗಿ ಸಂಸ್ಥೆಗಳ ಮೂಲಕ ನಡೆಸಿದರು: ಅವರೇ ಲ್ಯಾಬ್ ಕಟ್ಟಬೇಕು, ಒಡೆತನ ಇಟ್ಟುಕೊಳ್ಳಬೇಕು, ನಡೆಸಬೇಕು, ಐದು ವರ್ಷವಾದಮೇಲೆ ಶಾಲೆಗೆ ಬಿಟ್ಟುಕೊಡಬೇಕು. ಬಿಟ್ಟುಕೊಟ್ಟ ದಿನ ರಿಜಿಸ್ಟರಿನಲ್ಲಿ ಮಾನಿಟರ್ ಎಷ್ಟು, ಮೌಸ್ ಎಷ್ಟು, ಕುರ್ಚಿ ಎಷ್ಟು ಎಂದು ಬರೆಸಿಕೊಂಡರು. ಸರ್ವರ್‌ನ ಅಡ್ಮಿನ್ ಪಾಸ್‌ವರ್ಡ್ ಬರೆಸಿಕೊಳ್ಳುವ ಕಾಲಂ ರಿಜಿಸ್ಟರಿನಲ್ಲಿ ಇರಲಿಲ್ಲ. ಪಾಸ್‌ವರ್ಡ್ ಗೊತ್ತಿದ್ದದ್ದು ಗುತ್ತಿಗೆಯ ಮೇಷ್ಟರಿಗೆ. ಗುತ್ತಿಗೆ ಮುಗಿದ ತಿಂಗಳೇ ಅವರ ಸಂಬಳವೂ ಮುಗಿಯಿತು. ಈಗ ಬೆಂಗಳೂರಿನ ಕಡೆ ಯಾವುದೋ ಗೋದಾಮಿನಲ್ಲಿದ್ದಾರೆಂದು ಕೇಳಿದ್ದೇನೆ. ಐದು ವರ್ಷ ಮಕ್ಕಳಿಗೆ ಕಲಿಸಿದವರನ್ನು ಕಳಿಸಿಕೊಟ್ಟು, ಕಬ್ಬಿಣ ಪ್ಲಾಸ್ಟಿಕ್ ಎಣಿಸಿ ಇಟ್ಟುಕೊಂಡ ಮೇಲೆ, ಯಂತ್ರ ಏಳುತ್ತಿಲ್ಲವೆಂದು ಆಶ್ಚರ್ಯಪಡುವುದಕ್ಕೆ ಸಮಿತಿ ಬೇರೆ.

ಇನ್ನು ಉದ್ಘಾಟನೆ. ವಿಂಡೋಸ್ ಟರ್ಮಿನಲ್ ಸರ್ವರ್‌ಗೆ ಪ್ರತಿ ಬಳಕೆದಾರರ ಅಥವಾ ಪ್ರತಿ ಡಬ್ಬಿಯ ಲೆಕ್ಕದಲ್ಲಿ ಬೇರೆ ಲೈಸೆನ್ಸ್ ಬೇಕು. ಅದಿಲ್ಲದೆಯೂ ಮೊದಲ 120 ದಿನ ಎಲ್ಲವೂ ನಡೆಯುತ್ತದೆ. ಟೇಪು ಕತ್ತರಿಸುವುದಕ್ಕೆ, ಹಾರ ಹಾಕಿಸಿಕೊಳ್ಳುವುದಕ್ಕೆ, ಬಿಲ್ಲು ಪಾಸಾಗುವುದಕ್ಕೆ ಅಷ್ಟು ದಿನ ಬೇಕಾದಷ್ಟಾಯಿತು. 121ನೇ ದಿನ ಲಾಗಿನ್ ನಿಲ್ಲುತ್ತದೆ. ಕಾಲ್ ಸೆಂಟರಿಗೆ ಫೋನು ಮಾಡಿದರೆ ದೂರಿಗೊಂದು ಟಿಕೆಟ್ ನಂಬರ್ ಸಿಗುತ್ತದೆ, ವಾರದ ನಂತರ ‘ನಿಮ್ಮ ದೂರು ಬಗೆಹರಿದಿದೆ’ ಎಂದು ಸಂದೇಶ ಬರುತ್ತದೆ. ಯಾರೂ ಬಂದಿರುವುದಿಲ್ಲ. ಮತ್ತೆ ಫೋನು ಮಾಡಿದರೆ, ಬಗೆಹರಿದ ದೂರನ್ನು ತೆರೆಯಲು ಬರುವುದಿಲ್ಲ ಮೇಡಂ, ಹೊಸ ಟಿಕೆಟ್ ಹಾಕುತ್ತೇನೆ ಅನ್ನುತ್ತಾರೆ.

ಅಷ್ಟು ಹೊತ್ತು ಮಕ್ಕಳು ಏನು ಮಾಡುತ್ತಾರೆ? ಕಂಪ್ಯೂಟರ್ ಪೀರಿಯಡ್ಡಿನಲ್ಲಿ ನೋಟ್‌ಬುಕ್ ತೆರೆದು ಕಂಪ್ಯೂಟರಿನ ಚಿತ್ರ ಬರೆದು ಭಾಗಗಳನ್ನು ಹೆಸರಿಸುತ್ತಾರೆ. ಮೌಸಿನ ಉಪಯೋಗಗಳನ್ನು ಬೋರ್ಡಿನಿಂದ ಇಳಿಸಿಕೊಳ್ಳುತ್ತಾರೆ. ಬಾಡಿಗೆ ವ್ಯಾನಿನಲ್ಲಿ ಕಾನ್ವೆಂಟಿಗೆ ಹೋಗುವ ಮಕ್ಕಳು ಅದೇ ವಯಸ್ಸಿನಲ್ಲಿ ಕೋಡಿಂಗ್ ಕಲಿಯುತ್ತಿರುತ್ತಾರೆ. ನಮ್ಮ ಮಕ್ಕಳಿಗೆ ದಡ್ಡತನವಿಲ್ಲ. ಬಿಡಿಸಿದ ಗೂಡಿನಲ್ಲಿ ಯಾವುದು ಜೊಳ್ಳು ಎಂದು ಕೈಯಲ್ಲಿ ಹಿಡಿದೇ ಹೇಳುವ ಮಕ್ಕಳು ಅವರು. ಯಂತ್ರದ ಮುಂದೆ ಮಾತ್ರ ಕೂರಿಸಿಲ್ಲ.

ಮುಂದಿನ ಅಧ್ಯಯನಕ್ಕೆ ಶಿಫಾರಸುಗಳು

ಮುಂದಿನ ಅಧ್ಯಯನ ಬೇಡ. ಅಡ್ಮಿನ್ ಪಾಸ್‌ವರ್ಡನ್ನು ಒಂದು ಕವರಿನಲ್ಲಿ ಹಾಕಿ, ಅರಗು ಮುದ್ರೆ ಒತ್ತಿ, ಮುಖ್ಯ ಶಿಕ್ಷಕರ ಬೀರುವಿನಲ್ಲಿಡಿ. ಪ್ರತಿ ಕೇಬಲ್ಲಿಗೂ ಎರಡೂ ತುದಿಯಲ್ಲಿ ಒಂದೇ ನಂಬರಿನ ಚೀಟಿ ಅಂಟಿಸಿ. ಲ್ಯಾಬಿನ ಸ್ವಿಚ್ಚಿಗೆ ಬೇರೆ ಯಾವ ರೂಟರನ್ನೂ ಸಿಕ್ಕಿಸಬೇಡಿ. ಮಗುವಿಗೊಂದು ಹೆಸರು, ಹೆಸರಿಗೊಂದು ಪಾಸ್‌ವರ್ಡ್ ಕೊಡಿ. ಶನಿವಾರ ಮಧ್ಯಾಹ್ನ ಡಿಸ್ಕಿನಲ್ಲಿ ಜಾಗ ಎಷ್ಟಿದೆ ನೋಡಿ, ಮಕ್ಕಳ ಫೈಲುಗಳನ್ನು ಇನ್ನೊಂದು ಕಡೆ ನಕಲು ಮಾಡಿ. ಇದಕ್ಕೆಲ್ಲ ಒಬ್ಬ ಮನುಷ್ಯ ಬೇಕು, ಅವರಿಗೆ ತಿಂಗಳು ತಿಂಗಳು ಸಂಬಳ ಬೇಕು.

ಬ್ಯಾಟರಿಯ ವಿಷಯ ಉಳಿಯಿತು. ಸಿಆರ್ 2032 ಯಾವ ಊರಿನ ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ, ಹತ್ತಾರು ರೂಪಾಯಿಯ ಮಾತು. ಒಬ್ಬ ಮುಖ್ಯ ಶಿಕ್ಷಕಿ ತಮ್ಮ ಕೈಯಿಂದಲೇ ದುಡ್ಡು ಹಾಕಿ ಹತ್ತು ಬ್ಯಾಟರಿ ತರಿಸಿದರು. ಹತ್ತೂ ಡಬ್ಬಿಗಳು ಅವತ್ತೇ ಲಾಗಿನ್ ಆದವು. ವರ್ಷದ ಕೊನೆಗೆ ಆ ಚೀಟಿಯನ್ನು ಖರ್ಚಿಗೆ ಹಾಕಲು ಹೋದಾಗ ಆಕ್ಷೇಪಣೆ ಬಂತು: ಮೂರು ಕೊಟೇಶನ್ ಏಕೆ ಪಡೆದಿಲ್ಲ, ಹಳೆಯ ಬ್ಯಾಟರಿಗಳನ್ನು ಸ್ಟಾಕ್ ರಿಜಿಸ್ಟರಿನಲ್ಲಿ ಏಕೆ ತೋರಿಸಿಲ್ಲ, ಏಳು ದಿನದೊಳಗೆ ಲಿಖಿತ ವಿವರಣೆ ನೀಡುವುದು.