ಕಿವಿಗೆ ಹೂವು, ಬೆಲೆ 999

ಕೈ ಬಿಗಿ ಇರುವವನು ಕೊಳ್ಳುವ ಇಯರ್‌ಫೋನಿಗೆ ಎರಡು ಬೆಲೆ. ಗೀಟು ಹೊಡೆದದ್ದು 6,990, ಕೊಡಬೇಕಾದದ್ದು 999. ಪಕ್ಕದಲ್ಲಿ ಹಸಿರು ಅಕ್ಷರದಲ್ಲಿ ‘ಶೇ 86 ಉಳಿತಾಯ’. ಆ 6,990 ಎಣಿಸಿಕೊಟ್ಟು ಅದನ್ನು ಒಯ್ದ ಮಹಾನುಭಾವನನ್ನು ಈ ನಾಡಿನಲ್ಲಿ ಯಾರೂ ಕಂಡಂತಿಲ್ಲ. ಆದರೂ ಅವನ ಹೆಸರು ಹೇಳಿಕೊಂಡು ಮನೆಮನೆಯಲ್ಲೂ ಜನ ಆರಾರು ಸಾವಿರ ಉಳಿಸುತ್ತಿದ್ದಾರೆ. ಪೊಟ್ಟಣದ ಮೇಲೆ ಎಂಆರ್‌ಪಿ ಅಚ್ಚಾಗಿರಬೇಕು, ಅದನ್ನು ಮೀರಿ ಮಾರಕೂಡದು ಅನ್ನುತ್ತದೆ ಕಾನೂನು ಮಾಪನಶಾಸ್ತ್ರದ ನಿಯಮ. ಎಷ್ಟು ಅಚ್ಚು ಹಾಕಬೇಕೆನ್ನುವುದು ಕಂಪನಿಯ ಪ್ರತಿಭೆಗೆ ಬಿಟ್ಟದ್ದು. ಹೀಗಾಗಿ ಎಂಆರ್‌ಪಿ ಈಗ ಒಂದು ಕಾವ್ಯಪ್ರಕಾರ. ಅದರಲ್ಲಿ ಇರುವುದು ಒಂದೇ ಅಲಂಕಾರ, ಅತಿಶಯೋಕ್ತಿ.

ಆ 999ನ್ನಾದರೂ ಬಿಡಿಸಿ ನೋಡಿ. ಶೇ 18ರ ಜಿಎಸ್‌ಟಿ ಲೆಕ್ಕದಲ್ಲಿ ಸುಮಾರು 152 ರೂಪಾಯಿ ಸರ್ಕಾರದ ಬೊಕ್ಕಸಕ್ಕೆ. ಉಳಿದದ್ದರಲ್ಲಿ ಆ್ಯಪಿನವರ ಕಮಿಷನ್, ಕೊರಿಯರ್ ಹುಡುಗನ ಪೆಟ್ರೋಲು, ಜಾಹೀರಾತಿನ ಕ್ರಿಕೆಟಿಗನ ಒಂದು ನಗು. ಆಮೇಲೆ ಟಪ್ಪೆಂದು ಮುಚ್ಚಿಕೊಳ್ಳುವ ಡಬ್ಬಿ, ಡಬ್ಬಿಗೊಂದು ಬ್ಯಾಟರಿ, ಎರಡು ಕಿವಿಗೆ ಎರಡು ಬ್ಯಾಟರಿ, ಬ್ಲೂಟೂತ್ ಚಿಪ್ಪು, ಮಿಣಮಿಣ ನೀಲಿ ದೀಪ. ಎಲ್ಲರೂ ಉಂಡು ಕೈತೊಳೆದ ಮೇಲೆ ತಳದಲ್ಲಿ ಉಳಿದ ಚಿಲ್ಲರೆಯಲ್ಲಿ ಸದ್ದು ಹೊರಡಿಸುವ ಡ್ರೈವರ್ ತಯಾರಾಗಬೇಕು. ಹಾಡು ಕೇಳಲು ಕೊಂಡ ವಸ್ತುವಿನಲ್ಲಿ ಹಾಡಿಗೇ ಕೊನೆಯ ಪಂಕ್ತಿ.

ಯೋಚಿಸೋಣ ಅಂದರೆ ಪುರಸೊತ್ತು ಎಲ್ಲಿ? ‘ಎರಡೇ ಉಳಿದಿವೆ, ಬೇಗ!’ ಎಂದು ಕೆಂಪಕ್ಷರ ಕೂಗುತ್ತದೆ. ದೀಪಾವಳಿಗೂ ಎರಡೇ ಉಳಿದಿದ್ದವು, ಸಂಕ್ರಾಂತಿಗೂ ಎರಡೇ, ಯುಗಾದಿಗೆ ಬೇವು ತಿನ್ನುತ್ತಾ ನೋಡಿದರೂ ಎರಡೇ. ದ್ರೌಪದಿಯ ಅಕ್ಷಯ ಪಾತ್ರೆಗೂ ಇಷ್ಟು ಬಾಳಿಕೆ ಇರಲಿಲ್ಲವೇನೋ. ಇಂಥ ಹುಸಿ ಅವಸರ ಹುಟ್ಟಿಸುವುದು ತಪ್ಪು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲೇ ಮಾರ್ಗಸೂಚಿ ಹೊರಡಿಸಿದೆ. ಮಾರ್ಗಸೂಚಿ ಓದಲು ಯಾರಿಗೂ ಅವಸರವಿಲ್ಲ.

ಇನ್ನು ಡಬ್ಬಿಯ ಮೈಮೇಲಿನ ಸಾಹಿತ್ಯ. ‘20ರಿಂದ 20,000 ಹರ್ಟ್ಜ್’ ಎಂಬುದು ಅದರ ಮಂಗಳಶ್ಲೋಕ. ಮನುಷ್ಯನ ಕಿವಿಯ ಎಲ್ಲೆಯೇ ಅದು. ಆದ್ದರಿಂದ ಫುಟ್‌ಪಾತಿನ ನೂರು ರೂಪಾಯಿ ಮಾಲಿನಿಂದ ಮೂವತ್ತು ಸಾವಿರದ ಮಾಲಿನವರೆಗೆ ಎಲ್ಲರೂ ಅದನ್ನೇ ಅಚ್ಚು ಹಾಕುತ್ತಾರೆ. ಯಾವ ಸ್ವರ ಎಷ್ಟು ಏರಿದೆ, ಯಾವುದು ಎಷ್ಟು ಕುಸಿದಿದೆ ಎಂದು ಡೆಸಿಬೆಲ್ ಲೆಕ್ಕ ಕೊಡದೆ ಬರೀ ಎರಡು ತುದಿ ಹೇಳುವುದೆಂದರೆ, ಬೆಂಗಳೂರಿಂದ ಬೀದರಿಗೆ ಬಸ್ಸಿದೆ ಎಂದಷ್ಟೇ ಹೇಳಿ, ನಡುವೆ ರಸ್ತೆ ಇದೆಯೋ ಇಲ್ಲವೋ ಮುಚ್ಚಿಟ್ಟ ಹಾಗೆ. ಕೆಲವು ಡಬ್ಬಿಗಳ ಮೇಲೆ ಬಂಗಾರದ ಬಣ್ಣದ ‘ಹೈ-ರೆಸ್’ ಮುದ್ರೆ ಬೇರೆ. ಅದಕ್ಕೆ 40,000 ಹರ್ಟ್ಜ್‌ವರೆಗೆ ಸದ್ದು ಹೊರಡಬೇಕಂತೆ. ವಯಸ್ಸಾದಂತೆ ನಮ್ಮ ಕಿವಿ ಮೊದಲು ಕಳೆದುಕೊಳ್ಳುವುದೇ ಮೇಲಿನ ತುದಿಯನ್ನು. ಐವತ್ತು ದಾಟಿದವರಿಗೆ 15,000ವೇ ಪರಲೋಕ. ಆದರೆ ನಾಯಿಗೆ 40,000 ಕೇಳಿಸುತ್ತದೆ. ಮನೆಯಲ್ಲಿ ಸಾಕಿದ್ದರೆ ಅದರ ಅಭಿಪ್ರಾಯ ಕೇಳಿ ಕೊಳ್ಳುವುದು ಕ್ಷೇಮ.

ಎಲ್ಲಕ್ಕಿಂತ ನನಗೆ ಇಷ್ಟವಾಗುವುದು ‘ಇಎನ್‌ಸಿ’. ಒಂದಕ್ಷರ ಆಚೀಚೆ, ಅಷ್ಟೆ. ಎಎನ್‌ಸಿ ಎಂಬುದು ಹೊರಗಿನ ಗದ್ದಲಕ್ಕೆ ಎದುರು ಅಲೆ ಹುಟ್ಟಿಸಿ ನಿಮ್ಮ ಕಿವಿಯಲ್ಲಿ ಅದನ್ನು ಅಡಗಿಸುವ ವಿದ್ಯೆ. ಬಂಗಾಳದಿಂದ ಅಮೆರಿಕಕ್ಕೆ ಹೋದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ ಅಮರ್ ಬೋಸ್ 1978ರಲ್ಲಿ ಜ್ಯೂರಿಕ್‌ನಿಂದ ವಿಮಾನದಲ್ಲಿ ವಾಪಸಾಗುವಾಗ, ಕೊಟ್ಟ ಹೆಡ್‌ಫೋನಿನಲ್ಲಿ ಎಂಜಿನ್ ಮೊರೆತವೇ ಹೆಚ್ಚು ಕೇಳಿಸಿ, ಕೂತಲ್ಲೇ ಗಣಿತ ಹಾಕತೊಡಗಿದರಂತೆ. ಪೈಲಟ್‌ಗಳ ಹೆಡ್‌ಸೆಟ್ಟಾಗಿ ಅದು ಮಾರುಕಟ್ಟೆಗೆ ಬಂದದ್ದು 1989ರಲ್ಲಿ. ಹನ್ನೊಂದು ವರ್ಷದ ತಪಸ್ಸು. ನಮ್ಮ 999ರ ಡಬ್ಬಿಯವರು ಅದನ್ನು ಒಂದಕ್ಷರದಲ್ಲಿ ಮುಗಿಸಿದ್ದಾರೆ. ಇಎನ್‌ಸಿ ಸೋಸುವುದು ನಿಮ್ಮ ಮೈಕಿಗೆ ಬೀಳುವ ಗದ್ದಲವನ್ನು. ಅಂದರೆ, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಹಾರ್ನು, ಕಂಡಕ್ಟರ್ ಸೀಟಿ, ಪಕ್ಕದವನ ರೀಲ್ಸು ಎಲ್ಲವನ್ನೂ ನೀವು ಎಂದಿನಂತೆ ಅನುಭವಿಸುತ್ತೀರಿ. ಫೋನಿನ ಆ ತುದಿಯಲ್ಲಿರುವ ನಿಮ್ಮ ಮ್ಯಾನೇಜರಿಗೆ ಮಾತ್ರ ಪ್ರಶಾಂತ ವಾತಾವರಣ. ದುಡ್ಡು ನಿಮ್ಮದು, ನೆಮ್ಮದಿ ಅವರದು. ಸಂಬಳ ಕೊಡುವವರಿಗೇ ಇಎಂಐ ಕಟ್ಟುವ ಇಂಥ ವ್ಯವಸ್ಥೆ ಬೇರೆ ಯಾವ ಉದ್ಯಮದಲ್ಲೂ ಇಲ್ಲ. ಹಾಗಂತ ಅಸಲಿ ಎಎನ್‌ಸಿ ಇದ್ದರೂ ಕಂಡಕ್ಟರ್ ಸೀಟಿ ತಪ್ಪುವುದಿಲ್ಲ, ನೆನಪಿರಲಿ. ಅದರ ಜೋರೆಲ್ಲ ಎಂಜಿನ್ನಿನಂಥ ಒಂದೇ ಸಮನೆ ಮೊರೆಯುವ ತಗ್ಗಿನ ಸದ್ದಿನ ಮೇಲೆ.

ಅಂತರ್ಜಾಲವೇ ಬೇಡವೆಂದು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರೆ ಅಲ್ಲಿಯ ತತ್ವಜ್ಞಾನ ಇನ್ನೂ ನೇರ.

‘ಯಾವ ರೇಂಜಲ್ಲಿ ನೋಡ್ತೀರಾ ಸಾರ್?’

‘ಒಂದೂವರೆ ಸಾವಿರದೊಳಗೆ.’

‘ಬ್ರ್ಯಾಂಡ್ ಬೇಕಾ, ಸೌಂಡ್ ಬೇಕಾ?’

‘ಸೌಂಡ್.’

‘ಬೇಸ್ ಕೊಡ್ಲಾ?’

‘ಒಂದ್ಸಲ ಕೇಳಿ ನೋಡಬಹುದಾ?’

‘ಸೀಲ್ ಒಡದ್ರೆ ತಗೋಬೇಕು ಸಾರ್.’

ಬಣ್ಣ ನೋಡಬಹುದು, ಡಬ್ಬಿ ತಿರುಗಿಸಿ ನೋಡಬಹುದು, ಫೋನಿನಲ್ಲಿ ಸ್ಟಾರ್ ಎಣಿಸಬಹುದು. ಇಡೀ ವ್ಯಾಪಾರದಲ್ಲಿ ಪ್ರವೇಶವಿಲ್ಲದ್ದು ಕಿವಿಗೆ ಮಾತ್ರ.

ಬೇಸ್ ಅಂದನಲ್ಲ ಅಂಗಡಿಯವನು. ನಮ್ಮಲ್ಲಿ ಸೌಂಡ್ ಚೆನ್ನಾಗಿದೆ ಅಂದರೆ ಬೇಸ್ ಜಾಸ್ತಿ ಇದೆ ಎಂದೇ ಅರ್ಥ. ಕಡಿಮೆ ದುಡ್ಡಿನ ಡ್ರೈವರಿನ ಊನವನ್ನೆಲ್ಲ ಮುಚ್ಚುವ ಸುಲಭೋಪಾಯವೂ ಅದೇ: ಕೆಳಸ್ವರವನ್ನು ಉಬ್ಬಿಸಿಬಿಡುವುದು. ಕಪ್ಪು-ಬಿಳುಪು ಚಿತ್ರದ ಪಿ.ಬಿ. ಶ್ರೀನಿವಾಸ್ ಹಾಡು ಹಾಕಿ ನೋಡಿ, ಆ ನಯವಾದ ದನಿ ರಜಾಯಿಯ ಒಳಗಿನಿಂದ ಬರುತ್ತದೆ. ತಬಲದವನು ಮಾತ್ರ ನಿಮ್ಮ ತಲೆಬುರುಡೆಯ ಮೇಲೇ ಕೂತಿರುತ್ತಾನೆ. ಮಾನೋದಲ್ಲಿ ಮುದ್ರಣವಾದ ಆ ಹಾಡಿಗೆ ‘ಸಿನಿಮ್ಯಾಟಿಕ್ ಸರೌಂಡ್’ ಗುಂಡಿ ಒತ್ತಿದರೆ ಶ್ರೀನಿವಾಸರು ಬಾವಿಗಿಳಿಯುತ್ತಾರೆ. ಯೂಟ್ಯೂಬಿನ ವಿಮರ್ಶಕರು ಈ ಉಬ್ಬಿದ ಬೇಸಿಗೆ ‘ವಾರ್ಮ್ ಸೌಂಡ್’ ಅನ್ನುತ್ತಾರೆ. ದುಡ್ಡು ಪಡೆದೋ ಮಾಲು ಪಡೆದೋ ಹೊಗಳುವುದಾದರೆ ಅದು ಜಾಹೀರಾತೆಂದು ಹೇಳಬೇಕೆಂದು ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ಸೂಚಿಸಿದೆ. ಹೇಳುತ್ತಾರೆ ಕೂಡ, ಸಾಸಿವೆ ಗಾತ್ರದ ಅಕ್ಷರದಲ್ಲಿ.

ಇಷ್ಟೆಲ್ಲ ಗಲಾಟೆಯ ನಡುವೆ ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕ 283 ಹೆಡ್‌ಫೋನುಗಳ ಅಳತೆಗಳನ್ನು ಬೆಲೆಯ ಪಕ್ಕದಲ್ಲಿಟ್ಟು ನೋಡಿ, ಅವುಗಳ ಸ್ವರಗಳ ಏರಿಳಿತಕ್ಕೂ ಅಂಗಡಿಯ ಬೆಲೆಗೂ ಸಂಬಂಧವಿಲ್ಲ ಎಂದು 2017ರಲ್ಲಿ ಅಮೆರಿಕದ ಅಕೌಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಬಡವರು ಹಬ್ಬ ಮಾಡಬೇಕಾದ ಸುದ್ದಿ. ಮಾಡಲಿಲ್ಲ. ದುಬಾರಿ ಮಾಲೂ ಕೆಟ್ಟದ್ದಿರಬಹುದು ಅಂದರೆ ನಾಳೆ ಯಾವುದಕ್ಕೆ ಆಸೆಪಡುವುದು?

ಬಿಗಿ ಬಜೆಟ್ಟಿಗೆ ಉತ್ತರ ಇಲ್ಲದೆಯೂ ಇಲ್ಲ. ಬೇಜಾರಿನ ಉತ್ತರ, ಅಷ್ಟೆ. ವೈರ್ ಇರುವುದನ್ನು ಕೊಳ್ಳಿ. ಬ್ಯಾಟರಿ, ಚಿಪ್ಪು, ನೀಲಿ ದೀಪಗಳಿಲ್ಲವಾದ್ದರಿಂದ ದುಡ್ಡು ಹೋಗಿ ಸೇರಲು ಡ್ರೈವರ್ ಬಿಟ್ಟರೆ ಹೆಚ್ಚು ಜಾಗವಿಲ್ಲ. ಮೂನ್‌ಡ್ರಾಪ್, ಕೆಝಡ್ ಥರದ ಚೀನಾ ಕಂಪನಿಗಳು ಒಂದೆರಡು ಸಾವಿರದ ಆಸುಪಾಸಿನಲ್ಲಿ ಮಾಡುವ ಮಾಲು, ಐದಾರು ಪಟ್ಟು ಬೆಲೆಯ ವೈರ್‌ಲೆಸ್‌ಗಳನ್ನು ನಾಚಿಸುವುದುಂಟು. ಕೆಲವಕ್ಕೆ ಕೇಬಲ್ ಕೆಟ್ಟರೆ ಕೇಬಲ್ಲನ್ನಷ್ಟೇ ಬದಲಿಸಬಹುದು. ಬಡ್ಸಿನ ಕಡಲೆಕಾಳು ಬ್ಯಾಟರಿ ಸತ್ತ ದಿನ ಎರಡೂ ಕಿವಿ ಒಟ್ಟಿಗೆ ಕಸದ ಬುಟ್ಟಿಗೆ. ಡಬ್ಬಿಯಲ್ಲಿ ಬರುವ ಮೂರು ಅಳತೆಯ ರಬ್ಬರ್ ಟೋಪಿಗಳನ್ನು ಒಂದೊಂದಾಗಿ ಹಾಕಿ ನೋಡಿ. ಕಿವಿಗೆ ಬಿಗಿಯಾಗಿ ಕೂರದಿದ್ದರೆ ಯಾವ ದೊರೆಯ ಇಯರ್‌ಫೋನಿನಲ್ಲೂ ಬೇಸ್ ಸೋರಿಹೋಗುತ್ತದೆ. ಇಡೀ ಪೊಟ್ಟಣದಲ್ಲಿ ಇದಕ್ಕಿಂತ ಉಪಯೋಗದ ವಸ್ತುವಿಲ್ಲ, ಬಿಲ್ಲಿನ ಜೊತೆ ಮೊದಲು ಕಳೆದುಹೋಗುವುದೂ ಇದೇ.

ಫೋನಿನಲ್ಲಿ ವೈರ್ ಸಿಕ್ಕಿಸುವ ತೂತೇ ಇಲ್ಲವಲ್ಲ ಅನ್ನುತ್ತೀರಿ. ನಿಜ. 2016ರಲ್ಲಿ ಆಪಲ್ ಕಂಪನಿ ಐಫೋನ್ 7ರಿಂದ ಆ ತೂತನ್ನು ಕಿತ್ತುಹಾಕಿ, ಇದಕ್ಕೆ ಧೈರ್ಯ ಬೇಕು ಎಂದು ವೇದಿಕೆಯ ಮೇಲೆ ಸಾರಿತು. ಅದೇ ವೇದಿಕೆಯಲ್ಲಿ ತೂತು ಬೇಡದ ಏರ್‌ಪಾಡ್ಸನ್ನೂ ತೋರಿಸಿತು. ನಮ್ಮೂರಲ್ಲಿ ಚರಂಡಿ ಮುಚ್ಚಿದ ಕಂಟ್ರಾಕ್ಟರೇ ನೀರು ನಿಂತ ಮೇಲೆ ಪಂಪ್‌ಸೆಟ್ ಬಾಡಿಗೆಗೆ ಕೊಟ್ಟರೆ ಅದಕ್ಕೆ ಧೈರ್ಯ ಅನ್ನುವುದಿಲ್ಲ, ತನಿಖೆ ಮಾಡಿಸುತ್ತಾರೆ. ಇರಲಿ, ಟೈಪ್-ಸಿ ಬಾಯಿಗೆ ಸಿಕ್ಕಿಸುವ ಬೆರಳುದ್ದದ ತುಂಡೊಂದು ಸಿಗುತ್ತದೆ, ಅದರಿಂದ ಕೆಲಸ ನಡೆಯುತ್ತದೆ.

ಇದನ್ನೆಲ್ಲ ಐಟಿ ಕೆಲಸದ ಅಳಿಯನಿಗೆ ವಿವರಿಸಿದೆ. ತಾಳ್ಮೆಯಿಂದ ಕೇಳಿಸಿಕೊಂಡ.

‘ಎಲ್ಲಾ ಸರಿ ಮಾಮ. ಆದ್ರೆ ವೈರ್ ನೇತಾಕ್ಕೊಂಡು ಆಫೀಸಿಗೆ ಹೋದ್ರೆ ಲೇ-ಆಫ್ ಲಿಸ್ಟಲ್ಲಿ ಇವನೂ ಇದಾನೆ ಅನ್ಕೋತಾರೆ.’

‘ಹೊರದೇಶದಲ್ಲಿ ಸಿನಿಮಾದವರು, ಮಾಡೆಲ್‌ಗಳೆಲ್ಲ ಮತ್ತೆ ವೈರಿಗೇ ಬಂದಿದಾರಂತಲ್ಲೋ, ಫ್ಯಾಷನ್ ಅಂತೆ.’

ಅವನ ಕಣ್ಣು ಅರಳಿತು. ‘ಹೌದಾ? ಅವರು ಹಾಕ್ಕೊಳೋದು ಎಷ್ಟರದು?’