ಅಭಾವ ವಾಣಿಜ್ಯ ಮೀಮಾಂಸೆ: ಬೆಂಗಳೂರಿನ ಡೀಪ್ ಕ್ಲೀನಿಂಗ್ ಉದ್ಯಮಾರಂಭವನ್ನು ಕುರಿತು

ಲೋಕದ ವ್ಯಾಪಾರಗಳಲ್ಲಿ ಬಹುಪಾಲು ಭಾವಪದಾರ್ಥಗಳನ್ನು, ಎಂದರೆ ಇರುವ ವಸ್ತುಗಳನ್ನು ಮಾರಿದರೆ, ಕ್ಲೀನಿಂಗ್ ಉದ್ಯಮವು ಇಲ್ಲದ್ದನ್ನು, ಎಂದರೆ ಧೂಳಿನ ಅಭಾವವನ್ನು, ಚದರಡಿಯ ಲೆಕ್ಕದಲ್ಲಿ ಅಳೆದು ಮಾರುತ್ತದೆ. ಅಭಾವವೂ ಒಂದು ಪದಾರ್ಥವೇ ಎಂದು ಸಾಧಿಸಿದ ಉತ್ತರಕಾಲದ ವೈಶೇಷಿಕರು ಅದರ ಮೇಲೆ ಶೇ. 18ರ ಜಿಎಸ್‌ಟಿ ಬೀಳುವುದನ್ನು ಊಹಿಸಿರಲಾರರು. ಆದರೆ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದ ಸೇವಾ ಉದ್ಯಮಿ ನೋಂದಣಿ ಮಾಡಿಸಲೇಬೇಕಾದ್ದರಿಂದ, ತೆರಿಗೆ ಕಟ್ಟುವಷ್ಟರ ಮಟ್ಟಿಗೆ ಅಭಾವವು ಸತ್ಯವೆಂಬುದು ಸರ್ಕಾರದಿಂದಲೇ ಸಿದ್ಧವಾಗಿದೆ.

ಅಭಾವದ ನಾಲ್ಕು ಬಗೆಗಳಲ್ಲಿ ಎರಡು ಇಲ್ಲಿ ಪ್ರಸ್ತುತ. ವಸ್ತು ಹುಟ್ಟುವ ಮುನ್ನ ಇರುವ ಇಲ್ಲದಿರುವಿಕೆಯು ಪ್ರಾಗಭಾವ. ಇದನ್ನು ಮಾರಲು ಬಾರದು, ಏಕೆಂದರೆ ಧೂಳೇ ಕೂರದ ಮನೆಯವರು ಫೋನ್ ಮಾಡುವುದಿಲ್ಲ. ವಸ್ತು ನಾಶವಾದ ಮೇಲಿನದು ಪ್ರಧ್ವಂಸಾಭಾವ. ಇದಕ್ಕೆ ಆದಿಯುಂಟು, ಅಂತ್ಯವಿಲ್ಲ ಎಂಬುದು ತಾರ್ಕಿಕರ ಮತ. ಮೆಟ್ರೋ ಕಾಮಗಾರಿಯ ಮಗ್ಗುಲಿನ ಮೂರನೆಯ ಮಹಡಿಯಲ್ಲಿ ಬೆಳಿಗ್ಗೆ ಒರೆಸಿದ ಟೀವಿಯ ಮೇಲೆ ಸಂಜೆಗೆ ಮಕ್ಕಳು ಬೆರಳಿನಿಂದ ಹೆಸರು ಬರೆಯುವುದನ್ನು ಕಂಡ ಗಿರಾಕಿ ಈ ಮತವನ್ನು ಆಕ್ಷೇಪಿಸುತ್ತಾನೆ. ಸಮಾಧಾನ ಸಿದ್ಧವಿದೆ: ನಾಶವಾದದ್ದು ಆ ಧೂಳು, ಬಂದು ಕೂತದ್ದು ಈ ಧೂಳು, ಆ ಧೂಳಿನ ಅಭಾವಕ್ಕೆ ಇಂದಿಗೂ ಬಾಧಕವಿಲ್ಲ. ಈ ಸಿದ್ಧಾಂತವನ್ನು ಆಶ್ರಯಿಸಿ ನಿಂತಿರುವ ವ್ಯವಸ್ಥೆಗೆ ವಾರ್ಷಿಕ ಕಾಂಟ್ರ್ಯಾಕ್ಟ್ ಎಂದು ಹೆಸರು.

ಇಲ್ಲದ್ದು ಇಲ್ಲವೆಂದು ತಿಳಿಯುವುದು ಹೇಗೆಂಬ ಪ್ರಶ್ನೆಗೆ ಭಾಟ್ಟ ಮೀಮಾಂಸಕರು ಅನುಪಲಬ್ಧಿ, ಎಂದರೆ ಕಾಣದಿರುವುದೇ ಪ್ರಮಾಣ ಎಂದರು. ಮನೆಯ ಯಜಮಾನಿ ಇದನ್ನು ಒಪ್ಪುವವಳಲ್ಲ. ಅವಳದು ತೋರುಬೆರಳಿನ ಪ್ರಮಾಣ. ನಾಲ್ವರು ಆಳುಗಳು ಆರು ತಾಸು ಉಜ್ಜಿದ ಹಾಲು, ಅಡುಗೆಮನೆ, ಬಚ್ಚಲುಗಳ ಕಡೆ ಕಣ್ಣೆತ್ತಿಯೂ ನೋಡದೆ, ಸ್ಟೂಲು ಹತ್ತಿ ಬಾಗಿಲ ಚೌಕಟ್ಟಿನ ಮೇಲಂಚಿನಲ್ಲಿ ಒಮ್ಮೆ ಬೆರಳೆಳೆದು, ಆ ಬೆರಳನ್ನು ತುಟಿಪಿಟಕ್ಕೆನ್ನದೆ ಸೂಪರ್‌ವೈಸರನ ಮೂಗಿನ ಮಟ್ಟಕ್ಕೆ ಹಿಡಿಯುವ ಈ ಕ್ರಮಕ್ಕೆ ಪ್ರತಿವಾದ ಯಾವ ದರ್ಶನದಲ್ಲೂ ಇಲ್ಲ. (ಕ್ಲೀನಿಂಗಿನವರು ಬಂದು ನೋಡಿದರೆ ಏನಂದುಕೊಂಡಾರು ಎಂದು ಹಿಂದಿನ ರಾತ್ರಿಯೇ ತಾನು ಮನೆಯನ್ನೆಲ್ಲ ಗುಡಿಸಿಟ್ಟವಳೂ ಇವಳೇ.)

ಸಾಧನಗಳಿಗೆ ಬಂದರೆ, ಮೈಸೂರು ಕಡೆಯ ಪೊರಕೆ, ಕರಾವಳಿಯ ಹಿಡಿಸೂಡಿ, ಉತ್ತರ ಕರ್ನಾಟಕದ ಕಸಬರಿಗೆ ಇವು ಒಂದೇ ವಸ್ತುವಿನ ನಾಮಾಂತರಗಳಾಗಿದ್ದು, ಕೊಟೇಶನ್ನಿನಲ್ಲಿ ಯಾವುದನ್ನು ಬರೆದರೂ ದರ ಇಳಿಯುತ್ತದೆ. ಬರೆಯಬೇಕಾದದ್ದು ಸಿಂಗಲ್ ಡಿಸ್ಕ್ ಮಷೀನ್ ಎಂದು. ಇದು ದುಂಡು ಬ್ರಷ್ಷನ್ನು ತಿರುಗಿಸಿ ನೆಲ ಉಜ್ಜುವ ಯಂತ್ರ. ಹಿಡಿಯನ್ನು ಮೇಲೆತ್ತಿದರೆ ಬಲಕ್ಕೂ ಇಳಿಸಿದರೆ ಎಡಕ್ಕೂ ಸರಿಯುವ ಇದರ ಸ್ವಭಾವವನ್ನು ಅರಿಯದ ಮಾಲೀಕನನ್ನು ಯಂತ್ರವೇ ಗೋಡೆಯವರೆಗೆ ಎಳೆದೊಯ್ಯುತ್ತದೆ. ಇನ್ನು ಆ್ಯಸಿಡ್ಡು. ಕೊಳವೆಬಾವಿಯ ಗಡಸು ನೀರು ನಲ್ಲಿಯ ಮೇಲೆ ಉಳಿಸುವ ಬಿಳಿಯ ಕಲೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಅಮೃತಶಿಲೆಯೂ ಅದೇ. ಆದಕಾರಣ ಕಲೆಗೂ ನೆಲಕ್ಕೂ ಭೇದವೆಣಿಸದ ಆ್ಯಸಿಡ್ಡು ಪರಮ ಅದ್ವೈತಿ. ನೊರೆಯೇಳುವುದನ್ನು ಕಂಡು ಕೊಳೆ ಬಿಡುತ್ತಿದೆಯೆಂದು ಹಿಗ್ಗಿದ ಮಾಲೀಕನು ಹೊಳಪು ಹೋದ ನೆಲದ ಮುಂದೆ ಕ್ಷಣಾರ್ಧದಲ್ಲಿ ದ್ವೈತಿಯಾಗುತ್ತಾನೆ. ಇದೇ ಆ್ಯಸಿಡ್ಡನ್ನು ಬ್ಲೀಚಿನೊಡನೆ ಬೆರೆಸಿದರೆ ಕ್ಲೋರಿನ್ ವಿಷಾನಿಲ ಏಳುತ್ತದೆ ಎಂಬುದಕ್ಕೆ ಮಾತ್ರ ಈ ಪ್ರಬಂಧದಲ್ಲಿ ಅಣಕವಿಲ್ಲ.

ದೀಪ ಹಚ್ಚಿದ ಮೇಲೆ ಕಸ ಗುಡಿಸಿದರೆ ಲಕ್ಷ್ಮಿ ಮನೆಬಿಟ್ಟು ಹೋಗುತ್ತಾಳೆಂಬ ನಂಬಿಕೆ ಕಚೇರಿಗಳಿಗೆ ಅನ್ವಯಿಸದು, ಏಕೆಂದರೆ ಅಲ್ಲಿ ಗುಡಿಸುವುದೇ ಎಲ್ಲರೂ ಹೋದ ಮೇಲೆ, ರಾತ್ರಿ. ಹೊರಟ ಲಕ್ಷ್ಮಿಯು ನೇರವಾಗಿ ಗುತ್ತಿಗೆದಾರನ ಖಾತೆಗೆ ಬರುತ್ತಾಳೆಂದು ವ್ಯಾಖ್ಯಾನಿಸಿಕೊಂಡರೆ ಶಾಸ್ತ್ರವಿರೋಧವೂ ಉಳಿಯುವುದಿಲ್ಲ.

ಉಳಿದದ್ದು ಕರ್ತೃವಿಚಾರ. 12ನೆಯ ಶತಮಾನದ ವಚನಕಾರ್ತಿ ಸತ್ಯಕ್ಕ ಶಿವಭಕ್ತರ ಮನೆಯಂಗಳ ಗುಡಿಸುವುದನ್ನೇ ಕಾಯಕವಾಗಿ ಕೈಗೊಂಡಿದ್ದಳೆಂದು ಪರಂಪರೆ ಹೇಳುತ್ತದೆ. ಅಲ್ಲಿ ಪೊರಕೆಯ ಒಡತಿಯೂ ಅದನ್ನು ಹಿಡಿದವಳೂ ಒಬ್ಬಳೇ. ಈಗ ವಿಸಿಟಿಂಗ್ ಕಾರ್ಡಿನಲ್ಲಿ ‘ಫೌಂಡರ್’ ಎಂದು ಅಚ್ಚು ಹಾಕಿಸಿಕೊಂಡವನು ಪ್ರೇರಕ ಕರ್ತೃ, ಎಂದರೆ ಉಜ್ಜುವವನಲ್ಲ, ಉಜ್ಜಿಸುವವನು. ಕನ್ನಡದ ‘ಇಸು’ ಪ್ರತ್ಯಯವೇ ಅವನ ಮೂಲ ಬಂಡವಾಳ. ಕೆಲಸ ಮುಗಿದು ಕಾಫಿ ಬರುವ ಹೊತ್ತಿಗೆ ಮನೆಯವರೂ ಇದೇ ವ್ಯಾಕರಣವನ್ನು ತಪ್ಪದೆ ಪಾಲಿಸುತ್ತಾರೆ: ಉಜ್ಜಿಸಿದವನಿಗೆ ಸ್ಟೀಲ್ ಲೋಟ, ಉಜ್ಜಿದವರಿಗೆ ಪೇಪರ್ ಕಪ್ಪು. ಆ ಕಪ್ಪುಗಳನ್ನು ಹೊರಗೊಯ್ದು ಬಿಸಾಡುವುದು ಪ್ಯಾಕೇಜಿನಲ್ಲಿಯೇ ಸೇರಿದೆ.