ಇನ್ನೊಂದು ಐವತ್ತಡಿ

ಕೋಲಾರದ ಕಡೆ ಬೋರ್ ಕೊರೆಸುವುದು ಮಗಳ ಮದುವೆಗಿಂತ ದೊಡ್ಡ ಖರ್ಚು. ಮದುವೆಯಲ್ಲಾದರೆ ಮುಯ್ಯಿಯಾದರೂ ಬರುತ್ತದೆ. ಮೊದಲು ಬರುವವರು ಪಾಯಿಂಟ್ ನೋಡುವವರು. ಒಬ್ಬರು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲವೆಲ್ಲ ಸುತ್ತುತ್ತಾರೆ. ಕಾಯಿ ಎದ್ದು ನಿಂತ ಕಡೆ ನೀರಂತೆ. ಇನ್ನೊಬ್ಬರದು ಬೇವಿನ ಕವೆಕಡ್ಡಿ. ಭೂವಿಜ್ಞಾನಿ ಮೀಟರು ತಂದು ಅಳೆದರೂ, ಅವರು ಬೆನ್ನು ತಿರುಗಿಸಿದ ಮೇಲೆ ತೆಂಗಿನಕಾಯಿಯವರನ್ನು ಒಂದು ಮಾತು ಕೇಳಿಯೇ ತೀರುತ್ತೇವೆ. ಯಾರು ತೋರಿಸಿದರೂ ಜಾಗ ಮಾತ್ರ ಟ್ರಾನ್ಸ್‌ಫಾರ್ಮರಿಗೆ ದೂರವೇ.

ರಾತ್ರಿ ಹೊತ್ತಿಗೆ ತಮಿಳುನಾಡಿನ ತಿರುಚೆಂಗೋಡಿನಿಂದ ಬಂದ ರಿಗ್ ಲಾರಿ ಹೊಲಕ್ಕಿಳಿಯುತ್ತದೆ. ಪೂಜೆ, ಮಂಗಳಾರತಿ. ಆಮೇಲೆ ಆರೂವರೆ ಇಂಚಿನ ತೂತಿನಿಂದ ಬರೀ ಧೂಳು. ಲೆಕ್ಕವೆಲ್ಲ ಅಡಿಗಿಷ್ಟು ಅಂತ. ಆಳಕ್ಕಿಳಿದಷ್ಟೂ ಅಡಿಯ ರೇಟೂ ಏರುತ್ತದೆ. ಸುತ್ತ ನೆರೆದ ಅರ್ಧ ಊರಿನ ಸಲಹೆ ಮಾತ್ರ ಬಿಟ್ಟಿ: “ಇನ್ನೊಂದು ಐವತ್ತಡಿ ಬಿಡಿಸಿ ಗೌಡ್ರೇ, ಕಲ್ಲಿನ ಬಣ್ಣ ತಿರುಗೈತೆ!” 1000 ಅಡಿ ದಾಟುವಷ್ಟರಲ್ಲಿ ಗೌಡರ ಬಣ್ಣವೂ ತಿರುಗಿರುತ್ತದೆ.

ಪುಣ್ಯವಿದ್ದು ಒಂದೂವರೆ ಇಂಚು ನೀರು ಚಿಮ್ಮಿದರೆ ಸಬ್‌ಮರ್ಸಿಬಲ್ ಮೋಟರು, ಪೈಪು, ಕೇಬಲ್ಲು, ಪ್ಯಾನಲ್ ಬೋರ್ಡು. ಎಲ್ಲ ಕೂರಿಸಿದ ಮೇಲೆ ಕರೆಂಟು ಹುಡುಕಬೇಕು. ಅದನ್ನು ತೋರಿಸುವ ತೆಂಗಿನಕಾಯಿ ಇನ್ನೂ ಬಂದಿಲ್ಲ.

ನೀರು ಬರದಿದ್ದರೆ ಹಣೆಬರಹವನ್ನೋ ಬಾಮೈದನನ್ನೋ ಬೈದುಕೊಳ್ಳಿ, ಅಡ್ಡಿಯಿಲ್ಲ. ಆದರೆ ಕೇಸಿಂಗ್ ಪೈಪು ಕಿತ್ತುಕೊಂಡು ತೂತನ್ನು ಹಾಗೇ ಬಿಟ್ಟು ಬರಬೇಡಿ. ಮಕ್ಕಳು ಓಡಾಡುವ ಜಾಗ; ಸುಪ್ರೀಂ ಕೋರ್ಟೂ 2010ರಲ್ಲೇ ಹೇಳಿದೆ. ತಳದಿಂದ ಮೇಲಿನವರೆಗೆ ಮಣ್ಣು, ಕಲ್ಲು ತುಂಬಿಸಿಯೇ ಮನೆಗೆ ಹೋಗಿ.